ಗೀರು ಸರಿದ 14 ತಿಂಗಳು

ಬಲಗಾಲಿನ ಹೆಬ್ಬೆರಳಿನ ಉಗುರು ಹಳದಿಗಟ್ಟಿ, ದಪ್ಪವಾಗಿ, ತುದಿಯಲ್ಲಿ ಸೀಮೆಸುಣ್ಣದಂತೆ ಉದುರತೊಡಗಿದಾಗ ನಾನು ಮೊದಲು ಮಾಡಿದ್ದು ತಪ್ಪು. ಚರ್ಮಕ್ಕೆ ಹಚ್ಚುವ ಮುಲಾಮನ್ನೇ ಐದು ತಿಂಗಳು ಉಗುರಿನ ಮೇಲೆ ತಿಕ್ಕಿದೆ. ಫಂಗಸ್ ಬೇರೂರಿದ್ದು ಉಗುರಿನ ಅಡಿಯಲ್ಲಿ. ಅಷ್ಟು ಗಟ್ಟಿ ಹೊದಿಕೆಯನ್ನು ದಾಟಿ ಅಂಥ ಮುಲಾಮು ಒಳಗಿಳಿಯುವುದಿಲ್ಲ.

ಚರ್ಮವೈದ್ಯರು ನೋಡಿದ ಕೂಡಲೇ ಮಾತ್ರೆ ಬರೆಯಲಿಲ್ಲ. ಉಗುರಿನ ಚೂರನ್ನೂ ಅದರಡಿಯ ಪುಡಿಯನ್ನೂ ಕೆರೆದು ಪರೀಕ್ಷೆಗೆ ಕಳುಹಿಸಿದರು. ಸೋರಿಯಾಸಿಸ್ ಎಂಬ ಚರ್ಮರೋಗ ಇದ್ದರೂ, ಬಿಗಿಯಾದ ಶೂ ಒತ್ತುತ್ತಿದ್ದರೂ ಉಗುರು ಹೀಗೆಯೇ ಕಾಣಬಹುದು. ದಯವಿಟ್ಟು ಈ ಪರೀಕ್ಷೆಯನ್ನು ಬಿಡಬೇಡಿ. ತಿಂಗಳುಗಟ್ಟಲೆ ಮಾತ್ರೆ ನುಂಗುವವರಿಗೆ ರೋಗ ಯಾವುದೆಂದು ಗೊತ್ತಿರಲೇಬೇಕು. ಫಂಗಸ್ ಎಂದು ಖಚಿತವಾದ ಮೇಲೆ, ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೇನೆಂದು ಕೇಳಿ, ಲಿವರ್ ಸರಿಯಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ, ಫಂಗಸ್ ಕೊಲ್ಲುವ ಟರ್ಬಿನಾಫಿನ್ ಮಾತ್ರೆಯನ್ನು, 250 ಮಿಲಿಗ್ರಾಂನದು, ದಿನಕ್ಕೊಂದರಂತೆ 12 ವಾರಕ್ಕೆ ಬರೆದುಕೊಟ್ಟರು. ಕೈಬೆರಳಿನ ಉಗುರಿಗೆ ಸಾಮಾನ್ಯವಾಗಿ 6 ವಾರ.

ಆ 12 ವಾರ ಮುಗಿದಾಗಲೂ ಉಗುರು ಹೆಚ್ಚುಕಡಿಮೆ ಹಾಗೆಯೇ ಇತ್ತು. ಬಹಳ ಜನ ಆಸೆ ಬಿಡುವುದು ಇಲ್ಲೇ. ಹಾಳಾದ ಉಗುರು ಮತ್ತೆ ನೆಟ್ಟಗಾಗುವುದಿಲ್ಲ; ಹೊಸದು ಬುಡದಿಂದ ಅದನ್ನು ತಳ್ಳಿಕೊಂಡು ಬರಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಔಷಧಿ ಉಗುರಿನಲ್ಲಿ ಕೆಲವು ತಿಂಗಳು ಉಳಿದಿರುತ್ತದೆ. ಬುಡದಲ್ಲಿ ಮೂಡಿದ್ದ ನಸುಗೆಂಪು ಪಟ್ಟಿಗೆ ಹಳದಿ ತಾಗುವ ಗಡಿಯಲ್ಲಿ ನಾನು ಸಣ್ಣ ಅರದಿಂದ ತೆಳುವಾದ ಗೀರೊಂದನ್ನು ಎಳೆದೆ. ತಿಂಗಳಿಗೊಮ್ಮೆ ಸ್ನಾನದ ನಂತರ, ಬೆಳಕಿನಲ್ಲಿ ಕುಳಿತು ಅಳತೆಪಟ್ಟಿ ಹಿಡಿದು ನೋಡುತ್ತಿದ್ದೆ. ಗೀರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮುಂದೆ ಸರಿಯುತ್ತಿತ್ತು. ಹಳದಿ ಒಮ್ಮೆಯೂ ಗೀರನ್ನು ದಾಟಿ ಬುಡದ ಕಡೆಗೆ ಬರಲಿಲ್ಲ. ಬಂದಿದ್ದರೆ ಮತ್ತೆ ವೈದ್ಯರ ಬಳಿ ಹೋಗಬೇಕಾಗಿತ್ತು.

ಬೆರಳುಸಂದಿಯಲ್ಲಿ ಸಿಪ್ಪೆ ಏಳುತ್ತಿದ್ದ ಚರ್ಮಕ್ಕೂ ಅದೇ ಫಂಗಸ್ ತಗುಲಿತ್ತು. ಮುಲಾಮು ನಿಜವಾಗಿ ಕೆಲಸ ಮಾಡಿದ್ದು ಅಲ್ಲಿ. ಆ ಉಗುರಿಗೆಂದೇ ಬೇರೆ ನೇಲ್ ಕಟರ್ ಇಟ್ಟುಕೊಂಡೆ, ಹಳೆಯ ಶೂಗಳನ್ನು ಎಸೆದೆ.

14ನೆಯ ತಿಂಗಳು ಕೊನೆಯ ಹಳದಿ ಚೂರನ್ನು ಕತ್ತರಿಸಿದೆ. ಗೀರೂ ಅದರೊಂದಿಗೇ ಹೋಯಿತು. ಬೆರಳುಸಂದಿಯನ್ನು ಮಾತ್ರ ಇಂದಿಗೂ ದಿನವೂ ಒಣಬಟ್ಟೆಯಿಂದ ಒರೆಸುತ್ತೇನೆ.