ಸೋಲಾರ್ ನೀರು: ಟೆರೇಸಿನಿಂದ ಬಚ್ಚಲಿನವರೆಗೆ

ಪುಣೆಯಲ್ಲಿರುವ ನಮ್ಮ ಕಡೆಯವರು ನೀರು ಕಾಯಿಸುವ ಸೋಲಾರ್ ಹಾಕಿಸಬೇಕು ಅಂತ ಬಂದಾಗ ನಾನು ಮೊದಲು ಕೇಳುವುದು, ಟೆರೇಸಿನಿಂದ ನಿಮ್ಮ ಬಚ್ಚಲಿಗೆ ಪೈಪು ಎಷ್ಟು ಉದ್ದ ಬರುತ್ತದೆ ಅಂತ. ಅವರು ಯಾವ ಕಂಪನಿ, ಎಷ್ಟು ಲೀಟರ್ ಅಂತ ವಿಚಾರಿಸಿಕೊಂಡು ಬಂದಿರುತ್ತಾರೆ. ಅದೂ ಬೇಕು. ಆದರೆ ಮಳೆಗಾಲ ಬಿಟ್ಟರೆ ಇಲ್ಲಿ ಬಿಸಿಲಿಗೆ ಬರವಿಲ್ಲ, ನೀರು ಕಾದೇ ಕಾಯುತ್ತದೆ. ಕಾದದ್ದು ಕೆಳಗೆ ಬರುವಷ್ಟರಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದೇ ಮುಖ್ಯ.

ನಮ್ಮದು ಧಾಯರಿ ಕಡೆ ರೋ ಹೌಸ್, ನಾಲ್ಕು ಜನ, 200 ಲೀಟರಿನ ಗಾಜಿನ ಟ್ಯೂಬಿನ ಸೋಲಾರ್. ತಾಮ್ರದ ಪ್ಲೇಟಿನದು ಬಾಳಿಕೆ ಜಾಸ್ತಿ, ನಿಜ. ಆದರೆ ನಮಗೆ ಬರುವುದು ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಆ ಗಡಸು ನೀರಿನ ಸುಣ್ಣ ತಾಮ್ರದ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡರೆ ನೀರು ಓಡಾಡುವುದೇ ಕಮ್ಮಿಯಾಗುತ್ತದೆ. ಗಾಜಿನ ಟ್ಯೂಬಿನ ಬಾಯಿ ಅಗಲ, ಬಿಚ್ಚಿ ತೊಳೆಯಬಹುದು.

ಇದಕ್ಕೆ ಪಂಪು ಬೇಕಿಲ್ಲ. ಬಿಸಿಯಾದ ನೀರು ಹಗುರಾಗಿ ಮೇಲೇರಿ ಟ್ಯಾಂಕು ಸೇರುತ್ತದೆ, ಅದರ ಜಾಗಕ್ಕೆ ತಣ್ಣೀರು ಇಳಿಯುತ್ತದೆ, ಬಿಸಿಲಿರುವವರೆಗೆ ಇದು ತಾನಾಗಿಯೇ ನಡೆಯುತ್ತಿರುತ್ತದೆ. ಟ್ಯೂಬುಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು. ತಣ್ಣೀರಿನ ಟ್ಯಾಂಕಿ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು, ಒಳಗಿನ ಗಾಳಿ, ಹಬೆ ಹೊರಹೋಗುವ ಏರ್ ವೆಂಟ್ ಪೈಪು ಅದಕ್ಕಿಂತಲೂ ಮೇಲೆ ಹೋಗಿರಬೇಕು. ಟ್ಯೂಬಿಗೆ ಎರಡು ಪದರ ಗಾಜು, ನಡುವಿನ ಗಾಳಿ ತೆಗೆದಿರುತ್ತಾರೆ, ಥರ್ಮಾಸ್ ಫ್ಲಾಸ್ಕಿನ ಹಾಗೆ. ಅದಕ್ಕೇ ಡಿಸೆಂಬರಿನಲ್ಲಿ ಬೆಳಗಿನ ಜಾವ 10 ಡಿಗ್ರಿ ಹತ್ತಿರ ಇಳಿದರೂ, ಹಗಲು ಬಿಸಿಲಿದ್ದರೆ ನೀರು ಚೆನ್ನಾಗಿ ಕಾಯುತ್ತದೆ. ಟ್ಯೂಬಿನ ಮುಚ್ಚಿದ ತುದಿಯಲ್ಲಿ ಬೆಳ್ಳಿ ಹೊಳಪು ಇರುತ್ತದೆ, ಆಗಾಗ ನೋಡಿ. ಅದು ಬೆಳ್ಳಗೆ ಮಂಕಾದರೆ ಒಳಗೆ ಗಾಳಿ ಹೊಕ್ಕಿದೆ ಅಂತ. ಗಾಜು ಒಡೆಯದಿದ್ದರೂ ಆ ಟ್ಯೂಬು ಕೆಲಸಕ್ಕೆ ಬಾರದು, ಅದೊಂದನ್ನು ಬದಲಾಯಿಸಿದರೆ ಸಾಕು.

ಈಗ ಪೈಪಿನ ವಿಷಯ. ಮುಕ್ಕಾಲು ಇಂಚಿನ ಪೈಪು 20 ಮೀಟರ್ ಇದ್ದರೆ ಅದರೊಳಗೇ ಐದಾರು ಲೀಟರ್ ನೀರು ನಿಂತಿರುತ್ತದೆ. ರಾತ್ರಿಯೆಲ್ಲ ಅದು ತಣ್ಣಗಾಗುತ್ತದೆ, ಬೆಳಿಗ್ಗೆ ನಲ್ಲಿ ತಿರುವಿದರೆ ಮೊದಲು ಬರುವುದು ಅದೇ. ನಾಲ್ಕು ಬಚ್ಚಲು, ಅಡುಗೆಮನೆ ಎಲ್ಲ ಸುತ್ತಿಸಿ ಲೈನ್ ಎಳೆದರೆ ಬಕೆಟುಗಟ್ಟಲೆ ನೀರು ಸುಮ್ನೆ ಹೋಗುತ್ತದೆ. ಟ್ಯಾಂಕರಿಗೆ ದುಡ್ಡು ಕೊಡುವ ಊರಲ್ಲಿ ಇದು ನೋಡುತ್ತಾ ಕೂರುವ ಮಾತಲ್ಲ ಅಲ್ವಾ? ನಾನು ಟ್ಯಾಂಕಿನ ನೇರ ಕೆಳಗೆ ಬರುವ ಎರಡು ಬಚ್ಚಲಿಗೆ ಮಾತ್ರ ಲೈನ್ ಕೊಡಿಸಿದೆ. ಸಿಪಿವಿಸಿ ಪೈಪೇ ಬೇಕು, ಸಾದಾ ಪಿವಿಸಿ ಬಿಸಿಗೆ ಬಗ್ಗುತ್ತದೆ. ಮೇಲೆ ಕಪ್ಪು ಫೋಮಿನ ಕವಚ. ಬಿಸಿಲಿಗೆ ಫೋಮು ಪುಡಿಪುಡಿಯಾಗಿ ಉದುರುತ್ತದೆ, ಹಾಗಾಗಿ ಟೆರೇಸಿನ ಭಾಗಕ್ಕೆ ಅಲ್ಯೂಮಿನಿಯಂ ಟೇಪು ಸುತ್ತಿಸಿದೆ. ಮೊದಲು ಬರುವ ತಣ್ಣೀರಿಗೆ ಬಕೆಟ್ ಇಟ್ಟಿರುತ್ತೇವೆ, ಅದು ನೆಲ ಒರೆಸುವುದಕ್ಕೆ.

ಲಾಭದ ಲೆಕ್ಕ ಸುಲಭ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು 4 ಯೂನಿಟ್ ಕರೆಂಟು ಬೇಕು. ನಿಮ್ಮ ಬಿಲ್ಲಿನ ದರಕ್ಕೆ ಗುಣಿಸಿ ನೋಡಿ.

ಸ್ನಾನದ ಹೊತ್ತೂ ಮುಖ್ಯ. ಬೆಳಿಗ್ಗೆಯೇ ಎಲ್ಲರ ಸ್ನಾನ ಮುಗಿದರೆ ಟ್ಯಾಂಕಿಗೆ ಬಂದ ತಣ್ಣೀರಿಗೆ ಇಡೀ ದಿನದ ಬಿಸಿಲು ಸಿಗುತ್ತದೆ. ರಾತ್ರಿ ಜಾಸ್ತಿ ಬಳಸಿದರೆ ಬೆಳಗಿನವರಿಗೆ ಉಗುರುಬೆಚ್ಚಗೆ. ಏಪ್ರಿಲ್-ಮೇನಲ್ಲಿ ಇದರ ಉಲ್ಟಾ, ನೀರು ಕೈ ಸುಡುತ್ತದೆ. ಧಾರವಾಡದಲ್ಲಿ ಬಂಬಿನ (ಬೆಂಕಿ ಹಾಕಿ ನೀರು ಕಾಯಿಸುವ ಹಂಡೆ) ನೀರು ಮಿಂದು ಅಭ್ಯಾಸವಿದ್ದ ಅಮ್ಮನೇ "ಏ, ನೀರು ಭಾಳ ಸುಡ್ತಾವೋ, ಮೊದಲ ತಣ್ಣೀರು ಬಿಡು" ಅನ್ನುತ್ತಾಳೆ. ಮಕ್ಕಳಿಗೂ ಇದನ್ನೇ ಕಲಿಸಿ, ಮೊದಲು ತಣ್ಣೀರಿನ ನಲ್ಲಿ, ಆಮೇಲೆ ಬಿಸಿಯದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ದಿನಗಳಲ್ಲಿ ಸೋಲಾರ್ ಒಂದನ್ನೇ ನಂಬಬೇಡಿ. ಸೋಲಾರ್ ಟ್ಯಾಂಕಿನೊಳಗೇ ಹೀಟರ್ ಕಾಯಿಲ್ ಹಾಕಿಸುವವರಿದ್ದಾರೆ. ನನಗೆ ಅದು ಸರಿ ಕಾಣಲಿಲ್ಲ, ಒಬ್ಬರ ಸ್ನಾನಕ್ಕೆ 200 ಲೀಟರ್ ಯಾಕೆ ಕಾಯಿಸಬೇಕು? ಬಚ್ಚಲಿನ ಸಣ್ಣ ಗೀಸರನ್ನೇ ಇಟ್ಟುಕೊಂಡಿದ್ದೇವೆ.

ಟ್ಯೂಬಿನ ಮೇಲಿನ ಧೂಳು ಒರೆಸುವುದಿದ್ದರೆ ಬಿಸಿಲೇರುವ ಮೊದಲೇ ಒರೆಸಿ. ಊರಿಗೆ ಹೋಗಿ ಬಂದಾಗ ಟ್ಯಾಂಕು, ಟ್ಯೂಬು ಖಾಲಿಯಾಗಿದ್ದರೆ ಮಧ್ಯಾಹ್ನ ನೀರು ಬಿಡಲೇಬೇಡಿ. ಕಾದ ಗಾಜಿಗೆ ತಣ್ಣೀರು ತಾಗಿದರೆ ಬಿರುಕು ಬಿಡುತ್ತದೆ. ರಾತ್ರಿ ಅಥವಾ ಬೆಳಗಿನ ಜಾವ ತುಂಬಿಸಿ.