ಸೆಕೆ, ಮಳೆ ಎರಡಕ್ಕೂ ಆಗುವ ಬೈಕ್ ಗ್ಲೌಸ್: ನಾನು ಆರಿಸುವ ಬಗೆ

ಮಂಗಳೂರಿನಿಂದ ಮೂಡಿಗೆರೆ ಕಡೆಗೆ ಕೆಲಸದ ಮೇಲೆ ಆಗಾಗ ಬೈಕ್‌ನಲ್ಲೇ ಹೋಗುತ್ತೇನೆ, ಜುಲೈಯಲ್ಲೂ. ಬೆಳ್ತಂಗಡಿವರೆಗೆ ಮಳೆಯ ಜೊತೆಗೇ ಸೆಕೆ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಮಂಜು, ಕೊಟ್ಟಿಗೆಹಾರದಲ್ಲಿ ಗಾಳಿ ಸಮೇತ ಜಡಿಮಳೆ. ಇಂಥ ದಾರಿಗೆ ನನ್ನ ಲೆಕ್ಕ ಇಷ್ಟೇ: ಗ್ಲೌಸ್ ಒದ್ದೆಯಾದರೆ ಆಗಲಿ, ಹಿಡಿತ ತಪ್ಪಬಾರದು, ಬೇಗ ಒಣಗಬೇಕು.

ವಾಟರ್‌ಪ್ರೂಫ್ ಗ್ಲೌಸ್ ಚಳಿ ಊರಿಗೆ ಸರಿ. ಅದರೊಳಗೆ ನೀರು ತಡೆಯುವ ತೆಳು ಪದರ ಇರುತ್ತದೆ. ಬೆವರಿನ ಆವಿ ಅದರ ಮೂಲಕ ಹೊರಗೆ ಹೋಗಬೇಕು. ಆದರೆ ಮೇಲಿನ ಬಟ್ಟೆ ನೆನೆದು, ಸುತ್ತಲಿನ ಗಾಳಿಯಲ್ಲೂ ತೇವ ತುಂಬಿದ್ದರೆ ಆವಿ ಎಲ್ಲಿಗೆ ಹೋಗುತ್ತದೆ? ಬೆವರಿನಿಂದಲೇ ಕೈ ಒದ್ದೆ. ಪೆಟ್ರೋಲ್ ಹಾಕಿಸಲು ಕೈ ಹೊರಗೆ ತೆಗೆದರೆ ಒಳಗಿನ ಲೈನರ್ ಬಟ್ಟೆ ಬೆರಳಿಗೆ ಅಂಟಿಕೊಂಡು ಈಚೆ ಬರುತ್ತದೆ. ಆಮೇಲೆ ಬೆರಳು ಮತ್ತೆ ಒಳಗೆ ಹೋಗುವುದೇ ಇಲ್ಲ.

ಹಾಗಾಗಿ ನಾನು ಹಾಕುವುದು ಮೇಲ್ಭಾಗ ಮೆಶ್ (ಗಾಳಿಯಾಡುವ ಜಾಲರಿ ಬಟ್ಟೆ), ಅಂಗೈಗೆ ಮೇಕೆ ಚರ್ಮ ಇರುವ, ಮಣಿಕಟ್ಟಿನವರೆಗೆ ಮಾತ್ರ ಬರುವ ಗಿಡ್ಡ ಗ್ಲೌಸ್. ಮೇಕೆ ಚರ್ಮ ತೆಳುವಾದರೂ ಗಟ್ಟಿ, ನೆನೆದು ಒಣಗಿದ ಮೇಲೂ ಸಾಕಷ್ಟು ಮೆತ್ತಗಿರುತ್ತದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಅಂಗೈಯ ಬುಡದಲ್ಲಿ ಗಟ್ಟಿ ಸ್ಲೈಡರ್, ಅಂದರೆ ರಸ್ತೆ ಮೇಲೆ ಜಾರುವ ನುಣುಪಾದ ತುಂಡು, ಇರಲೇಬೇಕು. ಬೀಳುವಾಗ ನಾವೆಲ್ಲ ಮೊದಲು ಊರುವುದು ಕೈ ಅಲ್ವಾ? ಚರ್ಮ ರಸ್ತೆಗೆ ಕಚ್ಚಿಕೊಂಡು ನಿಂತರೆ ಅಷ್ಟೂ ಭಾರ ಮಣಿಕಟ್ಟಿಗೆ. ಹೆಬ್ಬೆರಳ ಬುಡದ ಹತ್ತಿರ ಸ್ಕಾಫಾಯ್ಡ್ ಅಂತ ಸಣ್ಣ ಎಲುಬಿದೆ. ಅದಕ್ಕೆ ರಕ್ತ ಹರಿಯುವುದು ಕಡಿಮೆ, ಮುರಿದರೆ ಕೂಡಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಸ್ಲೈಡರ್ ಇದ್ದರೆ ಕೈ ಜಾರಿಕೊಂಡು ಹೋಗುತ್ತದೆ. ಒಳಗಿನ ಲೇಬಲ್‌ನಲ್ಲಿ ಇಎನ್ 13594 (EN 13594) ಅಂತ ಇದೆಯಾ ನೋಡಿ, ಅದು ಬೈಕ್ ಗ್ಲೌಸ್‌ಗಳ ಯುರೋಪಿನ ಸುರಕ್ಷತಾ ಮಾನದಂಡ. ಅದರ ಜೊತೆ ಕೆಪಿ (KP) ಅಂತಲೂ ಇದ್ದರೆ ಗೆಣ್ಣಿನ ರಕ್ಷಣೆಯನ್ನೂ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ.

ಅಂಗಡಿಯಲ್ಲಿ ಸುಮ್ನೆ ಕೈಗೆ ಹಾಕಿ ನೋಡಿದರೆ ಸಾಲದು. ಬೈಕ್ ಮೇಲೆ ಕುಳಿತು ಹ್ಯಾಂಡಲ್ ಹಿಡಿಯಿರಿ. ಅಂಗೈಯಲ್ಲಿ ಮಡಿಕೆ ಬಿದ್ದರೆ ಅದು ಬೇಡ, ಒದ್ದೆಯಾದಾಗ ಅಲ್ಲೇ ಬೊಬ್ಬೆ ಏಳುತ್ತದೆ. ಪಟ್ಟಿ ಬಿಗಿದು ಇನ್ನೊಂದು ಕೈಯಲ್ಲಿ ಎಳೆಯಿರಿ. ಕಳಚಿ ಬಂದರೆ ಬಿದ್ದಾಗಲೂ ಬರುತ್ತದೆ. ಕಪ್ಪು ಚರ್ಮವಾದರೆ ಒದ್ದೆ ಬಿಳಿ ಕರ್ಚೀಫಿನಿಂದ ಒಮ್ಮೆ ಒರೆಸಿ ನೋಡುತ್ತೇನೆ. ಬಣ್ಣ ಬಿಡುವ ಗ್ಲೌಸ್ ಹಾಕಿದರೆ ಉಗುರಿನ ಸಂದಿಯ ಕಪ್ಪು ವಾರವಾದರೂ ಹೋಗುವುದಿಲ್ಲ.

ಗ್ಲೌಸ್ ಮೇಲೆ ರೇನ್‌ಕೋಟ್ ತೋಳು ಬರಬೇಕು. ತೋಳನ್ನು ಗ್ಲೌಸ್ ಒಳಗೆ ಸೇರಿಸಿದರೆ ಭುಜದಿಂದ ಇಳಿದ ನೀರೆಲ್ಲ ಬೆರಳ ತುದಿಯಲ್ಲಿ ನಿಲ್ಲುತ್ತದೆ. ಘಾಟಿಯ ಮೇಲೆ ಒದ್ದೆ ಕೈಗೆ ಗಾಳಿ ಹೊಡೆದು ಬೆರಳು ಮರಗಟ್ಟತೊಡಗಿದರೆ ಒಳಗೆ ಮೆಡಿಕಲ್ ಶಾಪಿನ ನೈಟ್ರೈಲ್ ಗ್ಲೌಸ್ (ಡಾಕ್ಟರುಗಳು ಹಾಕುವ ತೆಳು ರಬ್ಬರ್ ಗ್ಲೌಸ್) ಹಾಕಿಕೊಳ್ಳುತ್ತೇನೆ. ಕೆಳಗಿಳಿದ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಬೆವರು.

ಮಳೆಗಾಲದಲ್ಲಿ ಎರಡು ಜೊತೆ ಬೇಕೇ ಬೇಕು. ಮನೆಗೆ ಬಂದ ಮೇಲೆ ಹಿಂಡದೆ ಒತ್ತಿ ನೀರು ತೆಗೆದು, ಬೆರಳುಗಳೊಳಗೆ ಹಳೆ ಪೇಪರ್ ತುರುಕಿ ಫ್ಯಾನ್ ಕೆಳಗೆ ಇಡುತ್ತೇನೆ. ಪೇಪರ್ ನೆನೆದರೆ ಬದಲಿಸುತ್ತೇನೆ. ಒಲೆ ಹತ್ತಿರ ಬೇಡ, ಚರ್ಮ ಬಿರುಕು ಬಿಡುತ್ತದೆ.