ಏರು, ಇಳಿಜಾರು, ತಿರುವು: ಪೆಟ್ರೋಲ್ ಉಳಿಸುವುದು ಹೇಗೆ?

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಕಾರಿನಲ್ಲಿ ಓಡಾಡುವವರನ್ನು ಕೇಳಿ ನೋಡಿ, ಮೈಲೇಜ್ ಸಿಗುತ್ತಿಲ್ಲ ಅನ್ನುತ್ತಾರೆ. ತಿರುವು ಜಾಸ್ತಿ, ಏರು ಜಾಸ್ತಿ, ನಿಜ. ಆದರೂ ಬಲಗಾಲು ಹತೋಟಿಯಲ್ಲಿದ್ದರೆ ಇದೇ ರಸ್ತೆಯಲ್ಲಿ ಪೆಟ್ರೋಲ್ ಉಳಿಸಬಹುದು.

ಮೊದಲು ಈಗಿನ ಮೈಲೇಜ್ ಎಷ್ಟು ಅಂತ ತಿಳಿದುಕೊಳ್ಳಿ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲವೂ ಅದೇ ಬಂಕಿನಲ್ಲಿ ಫುಲ್ ಮಾಡಿಸಿ. 450 ಕಿ.ಮೀ. ಓಡಿ 30 ಲೀಟರ್ ಹಿಡಿದರೆ ಮೈಲೇಜ್ 15.

ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಿಸಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲಿರುತ್ತದೆ.

ಇನ್ನು ಓಡಿಸುವ ರೀತಿ. ಮಂಡಗದ್ದೆ, ಗಾಜನೂರಿನಂಥ ಊರು ಹತ್ತಿರ ಬಂದಾಗ ಹಂಪ್ ಇದ್ದೇ ಇರುತ್ತದೆ, ಅಲ್ವಾ? ಅದರ ಬುಡದವರೆಗೂ ಆಕ್ಸಿಲರೇಟರ್ ಒತ್ತಿಕೊಂಡು ಹೋಗಿ ಗಕ್ಕನೆ ಬ್ರೇಕ್ ಹಾಕಿದರೆ, ಪೆಟ್ರೋಲ್ ಸುಟ್ಟು ಪಡೆದ ವೇಗವೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹಂಪ್ ದೂರದಲ್ಲಿ ಕಂಡಾಗಲೇ ಹಿಂದೆ ಬರುವ ಗಾಡಿ ನೋಡಿಕೊಂಡು ಕಾಲು ತೆಗೆಯಿರಿ. ಕಾರು ತಾನೇ ನಿಧಾನವಾಗುತ್ತದೆ. ತಿರುವಿಗೂ ಇದೇ ಕ್ರಮ. ಏರು ಶುರುವಾಗುವ ಮೊದಲೇ ಸ್ವಲ್ಪ ವೇಗ ಕೂಡಿಸಿಕೊಳ್ಳಿ. ಎಂಜಿನ್ ಮುಕ್ಕಿರಿಯುವ ಮುಂಚೆ ಗೇರ್ ಇಳಿಸಿ. ದೊಡ್ಡ ಗೇರಿನಲ್ಲೇ ಎಳೆಸಿದರೆ ಉಳಿತಾಯವಿಲ್ಲ, ಎಂಜಿನ್‌ಗೂ ಪೆಟ್ಟು.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸವನ್ನಂತೂ ದಯವಿಟ್ಟು ಬಿಟ್ಟುಬಿಡಿ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ನೋಡಿಕೊಳ್ಳಲು ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿಸುತ್ತೇನೆ ಅಂತ ಖರ್ಚು ಮಾಡಿದ ಹಾಗೆ. ಅದಕ್ಕಿಂತ ದೊಡ್ಡ ಭಯ ಬೇರೆಯೇ ಇದೆ. ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಎಂಜಿನ್ ಹಿಡಿತವಿಲ್ಲದೆ ಬರೀ ಬ್ರೇಕ್ ಮೇಲೆ ಇಳಿದರೆ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಕೀ ಆಫ್ ಮಾಡಿ ಇಳಿಸುವುದಂತೂ ಜೀವಕ್ಕೇ ಅಪಾಯ: ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಲಾಕ್ ಆಗಲೂಬಹುದು. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ.

ಖಾಲಿ ಕ್ಯಾರಿಯರ್ ಸುಮ್ನೆ ಮೇಲಿದ್ದರೆ ಬಿಚ್ಚಿಡಿ. ಶಿವಮೊಗ್ಗದ ಸಿಗ್ನಲ್‌ನಲ್ಲಿ ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾದರೆ ಎಂಜಿನ್ ಆರಿಸಿ.

ಹೀಗೆ ಮೂರ್ನಾಲ್ಕು ಟ್ಯಾಂಕ್ ಓಡಿಸಿದ ಮೇಲೆ ಮತ್ತೆ ಲೆಕ್ಕ ಹಾಕಿ. ಬೇಸಿಗೆಯ ಲೆಕ್ಕವನ್ನು ಮಳೆಗಾಲದ್ದಕ್ಕೆ ಹೋಲಿಸಬೇಡಿ. ನೀರು ನಿಂತ ರಸ್ತೆಯಲ್ಲಿ ಎಂಥ ಕಾರಾದರೂ ಸ್ವಲ್ಪ ಜಾಸ್ತಿಯೇ ಕುಡಿಯುತ್ತದೆ.